ಬಿರುಕು ಕುಡಿದ ನೀರು

ಮರದ ಬುಡ ಒದ್ದೆಯಾಗಿದೆಯೇನೋ ಎಂಬ ಯೋಚನೆ ಒಮ್ಮೆ ತಲೆಗೆ ಹೊಕ್ಕರೆ ಬೇರೆ ಯಾವ ಕೆಲಸವನ್ನೂ ಮಾಡಗೊಡುವುದಿಲ್ಲ. ಮಗಳಿಗೆ ಊಟ ಮಾಡಿಸುವಾಗ ಅದೇ, ಬಟ್ಟೆ ಮಡಿಸುವಾಗ ಅದೇ, ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದರೂ ಅದೇ. ಮೊದಲೇ ನಾನು ಗಾಬರಿಯ ಹೆಂಗಸು. ಹದಿನಾಲ್ಕು ತಿಂಗಳ ಮಗಳು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ, ಬೇಗ ಎದ್ದರೆ ಥರ್ಮಾಮೀಟರ್ ಹುಡುಕುತ್ತೇನೆ.

"ಚಿಂತೆ ಮಾಡೋಕೆ ಒಂದು ಮಗು ಸಾಲಲಿಲ್ಲ ಅಂತ ಒಂದು ಮರಾನೂ ದತ್ತು ತಗೊಂಡಿದ್ದೀಯಲ್ಲ" ಎಂದು ನನ್ನ ಗಂಡ ಆಗ ನಗುತ್ತಿದ್ದರು. ನಗುವುದು ಅವರಿಗೆ ಸುಲಭ. ಆ ಮರ ಸತ್ತರೆ ಕೊಂದವಳು ನಾನಾಗುತ್ತಿದ್ದೆ. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಕೊಂದವಳು ಅಂತ ಬೇರೊಬ್ಬಳ ಕಡೆ ಬೆರಳು ತೋರಿಸಿಬಿಟ್ಟಿದ್ದೆನಲ್ಲ, ಅದು ನುಂಗಲೂ ಆಗದ ಉಗುಳಲೂ ಆಗದ ತುತ್ತು. ಆ ಬೇರೊಬ್ಬಳು ನೀರಕ್ಕ.

ನಮ್ಮೂರಿನ ಸಸ್ಯೋದ್ಯಾನದಲ್ಲಿ ಕಾಲಿಟ್ಟವರಿಗೆಲ್ಲ ನೀರಕ್ಕ ಗೊತ್ತು. ಎರಡೂ ಕೈಯಲ್ಲಿ ತಗಡಿನ ನೀರಿನ ಕ್ಯಾನು, ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗೆ. ಹತ್ತೊಂಬತ್ತನೇ ವಯಸ್ಸಿಗೆ ದಿನಗೂಲಿಯವಳಾಗಿ ಸೇರಿದವರು ಈಗ ಐವತ್ತು ದಾಟಿದ್ದಾರೆ. ಗಂಡ ಲಾರಿಗೆ ಮೂಟೆ ಏರಿಸುವಾಗ ಬಿದ್ದು ಬೆನ್ನು ಮುರಿದುಕೊಂಡು ಹನ್ನೊಂದು ವರ್ಷ ಮಂಚದ ಮೇಲಿದ್ದರು. ಬೆಳಗಿನ ಪಾಳಿಯೇ ಬೇಕು ಎಂದು ನೀರಕ್ಕ ಜಗಳವಾಡಿ ತೆಗೆದುಕೊಂಡಿದ್ದು ಆ ಕಾಲದಲ್ಲಂತೆ. ಮಧ್ಯಾಹ್ನ ಮನೆ ಸೇರಿ ಗಂಡನ ಮೈ ಒರೆಸಿ, ಮಗ್ಗುಲು ಬದಲಿಸಿ, ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಯಿಂದ ಕರೆತರಬೇಕಿತ್ತು. ಗಂಡ ಹೋಗಿ ಆರು ವರ್ಷವಾಯಿತು, ಪಾಳಿ ಮಾತ್ರ ಬದಲಾಗಲಿಲ್ಲ. "ಈಗ ಬೆಳಿಗ್ಗೆ ತಡವಾಗಿ ಏಳು ಅಂದ್ರೆ ಯಾರಿಗೆ ಏಳೋಕೆ ಬರುತ್ತೆ?" ಎನ್ನುತ್ತಾರೆ.

ಓದು ಕಲಿತದ್ದು ಮೂವತ್ತೈದರ ಮೇಲೆ, ಅದೂ ಗಿಡಗಳ ಹೆಸರಿನ ಫಲಕ ನೋಡಿ. ಹಾಗಾಗಿ ನಾಲಿಗೆ ತಿರುಗದಂಥ ಸಸ್ಯಶಾಸ್ತ್ರದ ಹೆಸರುಗಳನ್ನು ನೀರು ಕುಡಿದಂತೆ ಓದುತ್ತಾರೆ, ದಿನಪತ್ರಿಕೆ ಕೊಟ್ಟರೆ ತಡವರಿಸುತ್ತಾರೆ. "ಪೇಪರಿನಲ್ಲಿ ಗಿಡದ ಹೆಸರೇ ಇರಲ್ಲ, ಓದೋಕೇನಿದೆ ಅದರಲ್ಲಿ?"

ಅವರ ಕೆಲಸದ ರೀತಿ ಇನ್ನೂ ವಿಚಿತ್ರ. ಮುರಿದುಹೋದ ಮರದ ಸೌಟಿನ ಹಿಡಿಯೊಂದು ಸದಾ ಸೊಂಟದಲ್ಲಿರುತ್ತದೆ. ಅದರಿಂದ ಒಂದೊಂದೇ ಮಣ್ಣಿನ ಕುಂಡವನ್ನು ತಟ್ಟುತ್ತ ಸಾಗುತ್ತಾರೆ. ಒಣಗಿದ ಕುಂಡ ಟಣ್ ಎನ್ನುತ್ತದೆ, ತೇವ ಇರುವ ಕುಂಡ ದಬ್ ಎನ್ನುತ್ತದೆ. ಟಣ್ ಅಂದವರಿಗೆ ನೀರು, ದಬ್ ಅಂದವರಿಗೆ ಇಲ್ಲ. ಒಮ್ಮೆ ತರಬೇತಿಗೆ ಬಂದ ಹುಡುಗಿಯೊಬ್ಬಳು ತೇವ ಅಳೆಯುವ ಮೀಟರ್ ತಂದು ಪಂಥ ಕಟ್ಟಿದಳಂತೆ. ನಲವತ್ತು ಕುಂಡಗಳಲ್ಲಿ ಮೂವತ್ತೊಂಬತ್ತಕ್ಕೆ ಸೌಟಿನ ಹಿಡಿಯೂ ಮೀಟರೂ ಒಂದೇ ಮಾತು ಹೇಳಿದವು. ಉಳಿದ ಒಂದು ಕುಂಡದ ಹೊತ್ತಿಗೆ ಮೀಟರಿನ ಸೆಲ್ಲು ಮುಗಿದಿತ್ತು.

ಇದೆಲ್ಲ ನನಗೆ ಆಮೇಲೆ ತಿಳಿದ ವಿಷಯ. ಮೊದಲೇ ತಿಳಿದಿದ್ದರೆ ಈ ಕಥೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ಪ್ರದರ್ಶನ ತೋಟವೊಂದನ್ನು ವಿನ್ಯಾಸ ಮಾಡಲು. ಹೆರಿಗೆಯಾದ ಮೇಲೆ ಸಿಕ್ಕಿದ ಮೊದಲ ಕೆಲಸ. ಆಫ್ರಿಕಾದ ನೆಲ ಹೇಗಿರುತ್ತದೆ ಎಂದು ಜನ ನಡೆದಾಡಿ ನೋಡುವಂತೆ ಅರ್ಧ ಎಕರೆಯಲ್ಲಿ ತೋರಿಸಬೇಕಿತ್ತು. ನಾನು ಆಫ್ರಿಕಾ ಕಂಡವಳಲ್ಲ. ಫೋಟೋ, ಪುಸ್ತಕ, ಮಗು ಎದೆಗೊರಗಿ ಮಲಗಿದ್ದಾಗ ಸದ್ದು ತೆಗೆದು ನೋಡಿದ ವಿಡಿಯೋ, ಇವಿಷ್ಟೇ ಬಂಡವಾಳ. ಅಷ್ಟು ದೊಡ್ಡ ಖಂಡವನ್ನು ಸೀರೆ ಮಡಿಸಿದಂತೆ ಮಡಿಸಿ ಇಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡು ಕೊನೆಗೆ ಮೂರು ತುಂಡು ಆರಿಸಿದೆ. ಬಾಗಿಲಲ್ಲೇ ಸೊಂಟದೆತ್ತರದ ಹೊಂಬಣ್ಣದ ಹುಲ್ಲು, ಅದರ ನಡುವೆ ಛತ್ರಿ ಬಿಚ್ಚಿದಂತಿರುವ ಎರಡು ಜಾಲಿ. ಅದನ್ನು ದಾಟಿದರೆ ಕಲ್ಲಿನ ದಿಬ್ಬ, ಸಂದುಸಂದಿನಲ್ಲಿ ಕೆಂಪು ಹೂವಿನ ಲೋಳೆಸರ. ದಿಬ್ಬ ಇಳಿದರೆ ಬತ್ತುತ್ತಿರುವ ಒಂದು ನೀರಿನ ಹೊಂಡ, ತಳದ ಜೇಡಿಮಣ್ಣು ಬಿರುಕು ಬಿಟ್ಟು ಚಿಪ್ಪುಚಿಪ್ಪಾಗಿ ಎದ್ದಿರಬೇಕು. ಹೊಂಡದ ಅಂಚಿಗೆ, ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುವ ಬಾವೊಬಾಬ್ ಮರ.

ಬಾವೊಬಾಬ್ ಹೊರಗಿಂದ ತರಬೇಕಾಗಲಿಲ್ಲ. ಗಾಜಿನ ಮನೆಯ ಹಿಂದೆ ದೊಡ್ಡ ತೊಟ್ಟಿಯಲ್ಲಿ ಒಂದಿತ್ತು, ಹತ್ತಡಿ ಎತ್ತರ, ಬುಡ ದಪ್ಪ, ಮೇಲೆ ನಾಲ್ಕು ಕೊಂಬೆ. ಕೆಲಸದವರು ಅದನ್ನು ಡುಮ್ಮ ಎಂದು ಕರೆಯುತ್ತಿದ್ದರು. ಡುಮ್ಮನನ್ನು ಕ್ರೇನಿನಲ್ಲಿ ಎತ್ತಿ ನೆಲಕ್ಕೆ ಇಳಿಸಿದ ದಿನ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ವಾರದೊಳಗೆ ಎಲೆಯೆಲ್ಲ ಉದುರಿತು. ಬೇಸಿಗೆಯಲ್ಲಿ ಎಲೆ ಉದುರಿಸಿ ನಿದ್ದೆ ಹೋಗುವ ಮರ ಅದು, ಆ ಹೊತ್ತಿನಲ್ಲಿ ನೀರು ಸೋಕಿದರೆ ಬುಡ ಕೊಳೆಯುತ್ತದೆ. ಆದ್ದರಿಂದ ಎಲ್ಲರನ್ನೂ ಕರೆದು ಹೇಳಿದೆ: "ಈ ತೋಟಕ್ಕೆ ನೀರು ಬೇಡ. ಮುಖ್ಯವಾಗಿ ಈ ಮರಕ್ಕೆ ಒಂದು ಹನಿಯೂ ಬೇಡ."

ನೀರಕ್ಕ ಕ್ಯಾನು ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟರು. "ನೀರು ಕೊಡದೆ ಗಿಡ ಸಾಕೋದಾ? ಅದನ್ನ ಕಲಿಯೋಕೆ ನಂಗೆ ಇನ್ನೊಂದು ಜನ್ಮ ಬೇಕು ಮೇಡಂ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಇನ್ನು ಹೊಂಡದ ವಿಷಯ. ಜೇಡಿಮಣ್ಣು ತನ್ನಷ್ಟಕ್ಕೆ ಚೆಂದವಾಗಿ ಬಿರುಕು ಬಿಡುವುದಿಲ್ಲ. ನೀರು ಕಟ್ಟಿ, ಕೆಸರಾಗಿಸಿ, ಬಿಸಿಲಿಗೆ ಬಿಡಬೇಕು. ನಾಲ್ಕು ದಿನಕ್ಕೆ ಒಡೆಯುತ್ತದೆ. ಮತ್ತೆ ಧೂಳು ತುಂಬಿ ಬಿರುಕು ಮಂಕಾಗುತ್ತದೆ, ಮತ್ತೆ ನೀರು ಕಟ್ಟಬೇಕು. ಹಾಗಾಗಿ ಮಣ್ಣು ಕೆಲಸದ ಮೇಸ್ತ್ರಿಗೆ ಪ್ರತಿ ಶುಕ್ರವಾರ ಹೊಂಡಕ್ಕೆ ನೀರು ಬಿಡಲು ಹೇಳಿದ್ದೆ. ಬರಗಾಲ ತೋರಿಸಲು ವಾರವಾರವೂ ಟ್ಯಾಂಕಿನ ನೀರು! ಇದರಲ್ಲಿ ತಮಾಷೆ ಇದೆ ಎಂದು ಕೂಡ ನನಗೆ ಆಗ ಹೊಳೆಯಲಿಲ್ಲ.

ಒಂದು ದಿನ ಹೊಂಡದ ಪಕ್ಕ ನಿಂತಿದ್ದಾಗ ನೀರಕ್ಕ ಬಂದು ಬಗ್ಗಿ, ಬಿರುಕಿನೊಳಗೆ ಬೆರಳು ಇಳಿಸಿದರು. ಬೆರಳು ಪೂರ್ತಿ ಹೋಯಿತು.

"ಮೇಡಂ, ಈ ಬಿರುಕು ಸುಮ್ನೆ ಬಾಯಿ ಬಿಟ್ಕೊಂಡು ಕೂತಿಲ್ಲ, ಕುಡೀತಾ ಇದೆ. ಕುಡಿದಿದ್ದು ಎಲ್ಲಿಗೆ ಹೋಗುತ್ತೆ ಅಂತ..."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಮನೆಯಲ್ಲಿ ಮಗಳನ್ನು ನೋಡಿಕೊಳ್ಳುವ ನನ್ನತ್ತೆ. "ಏನಿಲ್ಲಮ್ಮಾ, ಮಗು ಮೈ ಸ್ವಲ್ಪ ಬಿಸಿ ಅನ್ಸುತ್ತೆ." ಏನಿಲ್ಲ ಎಂದು ಶುರುವಾಗುವ ಮಾತಿನಷ್ಟು ಭಯಂಕರವಾದದ್ದು ಇನ್ನೊಂದಿಲ್ಲ. ನೀರಕ್ಕನ ಮಾತು ಅರ್ಧಕ್ಕೇ ಬಿಟ್ಟು ಓಡಿದೆ. ಮನೆಗೆ ಹೋಗಿ ನೋಡಿದರೆ ಮಗಳು ಎರಡು ಹೊದಿಕೆ ಹೊದ್ದು ಬೆವರುತ್ತಿದ್ದಳು. ಹೊದಿಕೆ ತೆಗೆದೆ, ಬಿಸಿ ಹೋಯಿತು. ಅದರ ಜೊತೆಗೆ ನೀರಕ್ಕನ ಅರ್ಧ ಮಾತೂ ತಲೆಯಿಂದ ಹೋಯಿತು.

ಹತ್ತು ದಿನದ ಮೇಲೆ ಮರದ ಬುಡದಲ್ಲಿ ಬೆರಳು ಚುಚ್ಚಿದೆ. ಒದ್ದೆ. ಮಾರನೆಯ ದಿನವೂ ಒದ್ದೆ. ಮಳೆಯಿಲ್ಲ, ಪೈಪಿಲ್ಲ, ಹಾಗಾದರೆ ಯಾರು? ಆ ಕ್ಯಾನು ಹೊತ್ತ ಕೈಗಳು ಕಣ್ಣ ಮುಂದೆ ಬಂದವು, ಇನ್ನೊಂದು ಜನ್ಮ ಬೇಕು ಎಂದ ಮಾತು ಕಿವಿಗೆ ಬಂತು. ಅದೇ ಬಿಸಿಯಲ್ಲಿ ಉದ್ಯಾನದ ಸೂಪರಿಂಟೆಂಡೆಂಟರ ಕೋಣೆಗೆ ಹೋದೆ. ಅವರು ಹಿಂದಿನ ವರ್ಷವಷ್ಟೇ ವರ್ಗವಾಗಿ ಬಂದವರು, ಒಳ್ಳೆಯವರೇ, ಆದರೆ ಗಿಡಕ್ಕಿಂತ ಫೈಲಿನ ಜೊತೆ ಹೆಚ್ಚು ಸಲಿಗೆ.

"ನೀರಕ್ಕನ ಕೈ ಸುಮ್ಮನಿರಲ್ಲ ಅನ್ಸುತ್ತೆ ಸರ್. ಅಭ್ಯಾಸ. ಮರಕ್ಕೆ ನೀರು ಹಾಕ್ತಿದ್ದಾರೆ" ಎಂದೆ. ನೋಡಿದಿರಾ ಎಂದು ಅವರು ಕೇಳಲಿಲ್ಲ. ನೋಡಿಲ್ಲ ಎಂದು ನಾನೂ ಹೇಳಲಿಲ್ಲ.

"ಅಯ್ಯೋ, ಹೊಸ ತೋಟಕ್ಕೆ ಮೇಲ್ವಿಚಾರಕಿ ಅಂತ ಅವರ ಹೆಸರನ್ನೇ ಕಳಿಸೋಣ ಅಂತಿದ್ದೆ. ಮೂವತ್ತು ವರ್ಷಕ್ಕೆ ಮೊದಲನೇ ಬಡ್ತಿ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಹೀಗಾದ್ರೆ ಕಷ್ಟ."

ಮರುದಿನದಿಂದ ನೀರಕ್ಕನನ್ನು ಉದ್ಯಾನದ ಇನ್ನೊಂದು ತುದಿಯ ಕುಂಡದ ಅಂಗಳಕ್ಕೆ ಹಾಕಿದರು. ಯಾರೂ ಅವರನ್ನು ಬೈಯಲಿಲ್ಲ, ಮರಕ್ಕೆ ನೀರು ಹಾಕ್ತೀರಂತೆ ಎಂದಷ್ಟೇ ಹೇಳಿದರಂತೆ. ಕ್ಯಾನು ಎರಡೂ ಎತ್ತಿಕೊಂಡು ನನ್ನ ಮುಂದೆಯೇ ಹಾದುಹೋದರು. ಆ ಕೆಳಗಿಳಿದ ಬಲ ಭುಜವನ್ನು ನಾನು ಮೊದಲ ಬಾರಿ ಗಮನಿಸಿದ್ದು ಅವತ್ತು, ಹಿಂದಿನಿಂದ.

ಹನ್ನೆರಡು ದಿನ ಕಳೆಯಿತು. ಈಗ ಒಣಗಿರುತ್ತದೆ ಎಂದು ಧೈರ್ಯವಾಗಿ ಬೆರಳು ಚುಚ್ಚಿದೆ. ಮೊದಲಿಗಿಂತ ಹೆಚ್ಚು ಒದ್ದೆ! ಕಾಂಡವನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದು ಕಡೆ ಒಳಗೆ ಹೋಯಿತು, ಮಾಗಿದ ಹಣ್ಣಿನ ಹಾಗೆ. ಮರ ಸಾಯುತ್ತಿದೆ, ಸಾಯಿಸುತ್ತಿರುವುದು ನೀರಕ್ಕ ಅಲ್ಲ. ಇವೆರಡರಲ್ಲಿ ಯಾವುದಕ್ಕೆ ಮೊದಲು ಅಳಬೇಕು ಎಂದು ತಿಳಿಯದೆ ಕುಂಡದ ಅಂಗಳದತ್ತ ನಡೆದೆ.

ಅಲ್ಲಿ ಸಾಲುಸಾಲು ಕುಂಡ. ನೀರಕ್ಕ ತಟ್ಟುತ್ತಿದ್ದರು. ನನ್ನನ್ನು ಕಂಡೂ ಕೈ ನಿಲ್ಲಿಸಲಿಲ್ಲ.

"ನೀರಕ್ಕಾ..."

"ಹೇಳಿ ಮೇಡಂ." ಟಣ್.

"ಮರದ ಬುಡ ಇನ್ನೂ ಒದ್ದೆ ಇದೆ."

"ಹೌದಾ? ನಾನಂತೂ ಇಲ್ಲೇ ಇದ್ದೀನಿ." ದಬ್. "ನನ್ನ ಕೈ ಅಷ್ಟುದ್ದ ಇಲ್ಲ."

"ನೀವಲ್ಲ ಅಂತ ಗೊತ್ತಾಯ್ತು."

"ಅದಕ್ಕೆ ಹನ್ನೆರಡು ದಿನ ಬೇಕಾಯ್ತಾ? ಓದಿದವರಿಗೆ ಬೇಗ ಗೊತ್ತಾಗುತ್ತೆ ಅಂದ್ಕೊಂಡಿದ್ದೆ." ಟಣ್.

"ಕಾಂಡ ಮೆತ್ತಗಾಗಿದೆ ನೀರಕ್ಕಾ."

ಸೌಟಿನ ಹಿಡಿ ಗಾಳಿಯಲ್ಲೇ ನಿಂತಿತು. "ಯಾವ ಕಡೆ?"

"ಹೊಂಡದ ಕಡೆ."

"ನಡೀರಿ."

ಅವರ ನಡಿಗೆಗೆ ಹೆಜ್ಜೆ ಹೊಂದಿಸಲು ನಾನು ಓಡಬೇಕಾಯಿತು. ಅರ್ಧ ದಾರಿಯಲ್ಲಿ, ನನ್ನತ್ತ ತಿರುಗದೆ ಹೇಳಿದರು. "ಆ ಡುಮ್ಮನ್ನ ಬೀಜದಿಂದ ಎಬ್ಬಿಸಿದವಳು ನಾನು. ಕಲ್ಲಿನ ಥರ ಬೀಜ, ಬಿಸಿನೀರಲ್ಲಿ ನೆನೆಸಿ ನೆನೆಸಿ ಇಪ್ಪತ್ತರಲ್ಲಿ ಒಂದು ಮೊಳಕೆ ಬಂತು. ಹದಿನೆಂಟು ವರ್ಷ ಆಯ್ತು. ಬೇಸಿಗೇಲಿ ಐದು ತಿಂಗಳು ನಾನು ಅದರ ಹತ್ರ ಕ್ಯಾನು ಹಿಡ್ಕೊಂಡು ಹೋಗೋದೂ ಇಲ್ಲ. ಎಲ್ಲಿ ಕೈ ತಪ್ಪಿ ಚೆಲ್ಲುತ್ತೋ ಅಂತ."

"ಮತ್ತೆ ಅವತ್ತು ಇನ್ನೊಂದು ಜನ್ಮ ಬೇಕು ಅಂದ್ರಲ್ಲ?"

"ತಮಾಷೆ ಮಾಡಿದ್ದು ತಾಯೀ! ತಮಾಷೆಗೂ ಅರ್ಜಿ ಬರೆದುಕೊಡಬೇಕಾ?"

ಮರದ ಬಳಿ ಬಂದವರೇ ಸಣ್ಣ ಬಿದಿರು ಕಡ್ಡಿಯೊಂದನ್ನು ಸುತ್ತ ನಾಲ್ಕು ಕಡೆ ಆಳಕ್ಕೆ ಚುಚ್ಚಿ, ತೆಗೆದು, ಮುಂಗೈಯ ಒಳಭಾಗಕ್ಕೆ ಮುಟ್ಟಿಸಿಕೊಂಡರು. ಬಾಟಲಿಯ ಹಾಲಿನ ಬಿಸಿ ನೋಡಲು ನಾನು ಮುಟ್ಟಿಸಿಕೊಳ್ಳುವ ಜಾಗವೇ. ಮೂರು ಕಡೆ ಒಣ, ಹೊಂಡದ ಕಡೆ ಮಾತ್ರ ತಣ್ಣಗೆ. ಅಲ್ಲಿ ಗುದ್ದಲಿ ಹಾಕಿದರು. ಮೊಣಕಾಲುದ್ದ ಅಗೆಯುವುದರೊಳಗೆ ಜಲ್ಲಿಯ ಪದರ ಕಾಣಿಸಿತು, ಒಂದೊಂದು ಕಲ್ಲೂ ತೊಳೆದಿಟ್ಟಂತೆ ಹೊಳೆಯುತ್ತಿತ್ತು.

"ನಿಮ್ಮ ನಕ್ಷೆ ತನ್ನಿ."

ತಂದು ಹರವಿದೆ. ಮಣ್ಣಿನ ಬೆರಳು ಕಾಗದದ ಮೇಲೆ ಹೊಂಡದಿಂದ ಹೊರಟು, ಜೇಡಿಮಣ್ಣಿನ ಕೆಳಗಿನ ಜಲ್ಲಿಯ ಗೆರೆ ಹಿಡಿದು, ಒಂದು ಪುಟ್ಟ ಬಾಣದ ಹತ್ತಿರ ನಿಂತಿತು. ಮಳೆಗಾಲದಲ್ಲಿ ಹೊಂಡದ ನೀರು ಮರಕ್ಕೆ ಸಿಗಲಿ ಎಂದು ಜಲ್ಲಿಯನ್ನು ಮರದ ಕಡೆಗೇ ಇಳಿಜಾರು ಮಾಡಿಸಿದ್ದೆ. ಬೇಸಿಗೆಯಲ್ಲಿ ಶುಕ್ರವಾರ ಶುಕ್ರವಾರ ನಾನೇ ಹೊಂಡ ತುಂಬಿಸುತ್ತೇನೆ, ಅದು ಬಿರುಕಿನಲ್ಲಿ ಇಳಿದು ಜಲ್ಲಿ ಹಿಡಿದು ಮರದ ಕಾಲ್ಬುಡಕ್ಕೇ ಹೋಗುತ್ತದೆ ಎಂಬುದನ್ನು ಮರೆತಿದ್ದೆ.

"ಈ ಬಾಣ ಯಾರು ಹಾಕಿದ್ದು?"

"ನಾನು."

"ಚೆನ್ನಾಗಿ ಹಾಕಿದ್ದೀರಿ. ನೀರು ನಿಮ್ಮ ಮಾತು ಕೇಳಿದೆ."

ಅಳು ಬರಬೇಕಾದ ಜಾಗದಲ್ಲಿ ನಗು ಬಂದುಬಿಟ್ಟಿತು. ನೀರಕ್ಕನೂ ನಕ್ಕರು, ಆದರೆ ಅರ್ಧ. ಆಮೇಲೆ ಇಬ್ಬರೂ ಕೆಲಸಕ್ಕೆ ಇಳಿದೆವು. ಮರಕ್ಕೂ ಹೊಂಡಕ್ಕೂ ನಡುವೆ ಕಾಲುವೆ ತೋಡಿ ನೀರಿನ ದಾರಿಯನ್ನು ದಿಬ್ಬದ ಹಿಂದಕ್ಕೆ ತಿರುಗಿಸಿದೆವು. ಒದ್ದೆ ಮಣ್ಣು ಬಾಚಿ ತೆಗೆದು ಬೇರನ್ನು ಗಾಳಿಗೆ ಬಿಟ್ಟೆವು. ಮೆತ್ತಗಾದ ಭಾಗ ಅಂಗೈಯಷ್ಟು. ನೀರಕ್ಕ ಬಾಗಿದ ಚಾಕುವಿನಿಂದ ಕಪ್ಪಾದದ್ದನ್ನು ಸ್ವಲ್ಪಸ್ವಲ್ಪವೇ ಕೆತ್ತುತ್ತ ಹೋದರು. ಬಿಳಿ ತಿರುಳು ಕಂಡಾಗ ನಿಲ್ಲಿಸಿ ಇದ್ದಿಲ ಪುಡಿ ಮೆತ್ತಿದರು. ನಾನು ಮಗುವಿಗೆ ಚುಚ್ಚುಮದ್ದು ಕೊಡಿಸುವಾಗಿನ ಹಾಗೆ ಬೇರೆ ಕಡೆ ತಿರುಗಿ ನಿಂತಿದ್ದೆ.

ಶುಕ್ರವಾರದ ನೀರು ನಿಲ್ಲಿಸಿ ಎಂದಾಗ ಮೇಸ್ತ್ರಿ ತಲೆ ಕೆರೆದುಕೊಂಡ. "ಮತ್ತೆ ಬಿರುಕು?"

"ಒಂದ್ಸಲ ಬಿಟ್ಟ ಬಿರುಕು ಎಲ್ಲಿಗೂ ಓಡಿಹೋಗಲ್ಲಪ್ಪಾ" ಎಂದರು ನೀರಕ್ಕ. "ಧೂಳು ಕೂತ್ರೆ ಪೊರಕೆ ತಗೊಂಡು ಗುಡಿಸು."

ಅಷ್ಟು ಸುಲಭ. ಪೊರಕೆ! ಐದು ವರ್ಷ ವಿನ್ಯಾಸ ಓದಿದ ನನಗೆ ಪೊರಕೆ ಹೊಳೆದಿರಲಿಲ್ಲ.

ಮುಂದಿನ ಮೂರು ವಾರ ನೀರಕ್ಕ ದಿನವೂ ಊಟದ ಬಿಡುವಿನಲ್ಲಿ ಕುಂಡದ ಅಂಗಳದಿಂದ ಇಲ್ಲಿಗೆ ಬಂದು, ಡಬ್ಬಿ ಬಿಚ್ಚಿಕೊಂಡು ಮರದ ಎದುರು ಕೂರುತ್ತಿದ್ದರು. ಯಾರೂ ಕಳಿಸಿರಲಿಲ್ಲ; ಸೂಪರಿಂಟೆಂಡೆಂಟರಿಗೆ ನಿಜ ಹೇಳುವುದನ್ನು ನಾನು ನಾಳೆ ನಾಳೆ ಎಂದು ಮುಂದೂಡುತ್ತಲೇ ಇದ್ದೆ. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ. ತುತ್ತಿಗೊಮ್ಮೆ ಎದ್ದು ಕಾಂಡ ಒತ್ತಿ ನೋಡಬೇಕೆನಿಸುತ್ತಿತ್ತು.

"ಕೂತ್ಕೊಳ್ಳಿ. ಮನೇಲಿ ಮಗೂನೂ ಹೀಗೇ ಒತ್ತಿ ಒತ್ತಿ ನೋಡ್ತೀರಾ?"

"ಹೂಂ."

"ನಾನೂ ದೊಡ್ಡ ಮಗಳಿಗೆ ಹಾಗೇ ಮಾಡ್ತಿದ್ದೆ. ಈಗ ಅವಳು ದಿನಾ ಸಂಜೆ ನನ್ನ ಬಿಪಿ ನೋಡ್ತಾಳೆ. ಉಪ್ಪು ತಿಂದ್ಯಾ, ಮಾತ್ರೆ ನುಂಗಿದ್ಯಾ... ಸೇಡು ತೀರಿಸ್ಕೋತಾಳೆ."

ಇಪ್ಪತ್ತಮೂರನೇ ದಿನ ಬೆಳಿಗ್ಗೆ ನಾನು ಗೇಟು ದಾಟುವುದರೊಳಗೆ ನೀರಕ್ಕ ಎದುರಾದರು. "ಕನ್ನಡಕ ಹಾಕ್ಕೊಂಡು ಬನ್ನಿ." ಮೇಲಿನ ಕೊಂಬೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು. ಪಕ್ಕದ ಕೊಂಬೆಯಲ್ಲಿ ಇನ್ನೊಂದು. ಕೆತ್ತಿದ ಗಾಯ ಒಣಗಿ ಗಟ್ಟಿಯಾಗಿತ್ತು. ಹೆಬ್ಬೆರಳು ಒತ್ತಿದೆ, ಕಲ್ಲು. ಎದೆಯ ಮೇಲೆ ಕೂತಿದ್ದ ಯಾರೋ ಎದ್ದುಹೋದಂತಾಯಿತು. ಅಲ್ಲೇ ಹುಲ್ಲಿನ ಪಕ್ಕ ಕುಸಿದು ಕೂತು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಅವತ್ತು ಮಧ್ಯಾಹ್ನದವರೆಗೆ ಮನೆಗೆ ಒಂದು ಫೋನೂ ಮಾಡಿರಲಿಲ್ಲ. ಕೊನೆಗೆ ಅತ್ತೆಯೇ ಗಾಬರಿಯಾಗಿ ಮಾಡಿದರು: "ಏನಮ್ಮಾ, ಹುಷಾರಾಗಿದ್ದೀಯಾ?"

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ಮಧ್ಯಾಹ್ನ ಸೂಪರಿಂಟೆಂಡೆಂಟರು ಚಿಗುರು ನೋಡಲು ಬಂದರು. ಕತ್ತೆತ್ತಿ ನೋಡಿ ಖುಷಿಪಟ್ಟು ನನಗೆ ಹೇಳಿದರು: "ನೀವು ಆವತ್ತೇ ಹೇಳಿದ್ದು ಒಳ್ಳೇದಾಯ್ತು ನೋಡಿ. ನೀರು ನಿಲ್ಲಿಸಿದ ಮೇಲೆ ಹೇಗೆ ಚಿಗುರಿದೆ! ಮೇಲ್ವಿಚಾರಕರ ಪಟ್ಟಿ ನಾಳೆ ಹೋಗುತ್ತೆ, ಬೇರೆಯವರ ಹೆಸರು ಹಾಕಿದ್ದೀನಿ."

ನೀರಕ್ಕ ನಾಲ್ಕು ಹೆಜ್ಜೆ ಆಚೆ ಊಟದ ಡಬ್ಬಿ ಮುಚ್ಚುತ್ತಿದ್ದರು. ಕೇಳಿಸದಿರಲು ಸಾಧ್ಯವಿಲ್ಲ. ಅವರು ಮರವನ್ನೇ ನೋಡುತ್ತಿದ್ದರು, ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ಮತ್ತೆ ನಾನು? ನಾನು ಹಲ್ಲು ಕಿರಿದೆ. ನಕ್ಷೆಯ ತಪ್ಪು ಹೊರಬಿದ್ದರೆ ಮುಂದಿನ ತೋಟ ನನಗೆ ಸಿಗುತ್ತದೋ ಇಲ್ಲವೋ, ಮಗು ಹುಟ್ಟಿದ ಮೇಲೆ ಇವಳ ತಲೆ ನೆಟ್ಟಗಿಲ್ಲ ಎನ್ನುತ್ತಾರೋ ಎಂದೆಲ್ಲ ಒಂದೇ ಕ್ಷಣದಲ್ಲಿ ಲೆಕ್ಕ ಹಾಕಿ ಹಲ್ಲು ಕಿರಿದು ನಿಂತೆ.

ಸಂಜೆ ಮನೆಯಲ್ಲಿ ಮಗಳು ನೆಲದ ಮೇಲೆ ಕೂತು ನನ್ನ ಚೀಲ ಖಾಲಿ ಮಾಡುತ್ತಿದ್ದಳು. ನಾನು ಫೋನು ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗುತ್ತಿದ್ದೆ. ಎರಡು ಸಲ ಸೂಪರಿಂಟೆಂಡೆಂಟರ ನಂಬರು ಒತ್ತಿ, ಗಂಟೆ ಹೊಡೆಯುವ ಮೊದಲೇ ಕತ್ತರಿಸಿದೆ. ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, "ಮರ ಬದುಕ್ತಲ್ಲ, ಇನ್ನೇನು?" ಎಂದರು. "ಮರ ಬದುಕಿಸಿದವರದ್ದು ಬಾಕಿ ಇದೆ" ಎಂದೆ. ಹೇಳಿದ ಮೇಲೆ ಮೂರನೇ ಸಲ ಒತ್ತುವುದು ಅಷ್ಟು ಕಷ್ಟವಾಗಲಿಲ್ಲ.

"ಸರ್, ಮರಕ್ಕೆ ನೀರು ಹಾಕಿದ್ದು ನೀರಕ್ಕ ಅಲ್ಲ. ನಾನು."

"ನೀವಾ? ಯಾವಾಗ?"

"ಪ್ರತಿ ಶುಕ್ರವಾರ ಸರ್."

ಹೊಂಡ, ಬಿರುಕು, ಜಲ್ಲಿ, ಬಾಣ, ಎಲ್ಲ ಹೇಳಿದೆ. "ಕಂಡುಹಿಡಿದವರೂ ಅವರೇ, ಸರಿ ಮಾಡಿದವರೂ ಅವರೇ. ಆ ಮರಾನ ಬೀಜದಿಂದ ಸಾಕಿದವರೂ ಅವರೇ ಸರ್. ಅವರು ನೀರು ಹಾಕಿದ್ದನ್ನ ನಾನು ಕಣ್ಣಾರೆ ನೋಡಿರಲಿಲ್ಲ, ಸುಮ್ನೆ ಹೇಳಿಬಿಟ್ಟೆ."

"ಅಂದ್ರೆ ತಪ್ಪು ನಕ್ಷೇಲೇ ಇತ್ತು ಅಂತೀರಿ."

"ಹೌದು ಸರ್. ನಕ್ಷೆ ನನ್ನದು."

"ಸರಿ. ಪಟ್ಟಿ ಇನ್ನೂ ನನ್ನ ಮೇಜಿನ ಮೇಲೇ ಇದೆ, ಹೆಸರು ಬದಲಾಯಿಸಬಹುದು. ಆದ್ರೆ ಬಾಯಿಮಾತಲ್ಲಿ ಆಗಲ್ಲಮ್ಮಾ, ಎರಡು ಸಾಲು ಬರೆದು ಕೊಡಬೇಕು. ಕೊಡ್ತೀರಾ?"

"ಈಗಲೇ ಬರೀತೀನಿ" ಎಂದು ಸುತ್ತ ನೋಡಿದೆ. ಪೆನ್ನು ಮಗಳ ಬಾಯಲ್ಲಿತ್ತು. ಕಿತ್ತುಕೊಂಡು, ಅಂಗಿಗೆ ಒರೆಸಿ, ಅವಳ ಕೂಗಿನ ಮೇಲೆ ದನಿ ಎತ್ತರಿಸಿ ಕೇಳಿದೆ: "ಹೇಳಿ ಸರ್, ಯಾರಿಗೆ ಅಂತ ಬರೀಲಿ?"